ಹಿಮಪಾತವೇ ಬೇರೆ, ಹಿಮಕುಸಿತವೇ ಬೇರೆ

(ನಾಗಪುರದಲ್ಲಿ ಕೇಂದ್ರ ಸರ್ಕಾರದ ಕನ್ನಡಿಗ ನೌಕರರು ಹಾಗೂ ಅವರ ಕುಟುಂಬದವರ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಬೇಸಿಗೆಯಲ್ಲಿ ಉಷ್ಣಾಂಶವು 45 ಡಿಗ್ರಿಯನ್ನು ದಾಟುವ ಈ ಊರಿನಲ್ಲಿ ನಿಂತು ಹಿಮದ ವಿಷಯವಾಗಿ ಮಾತನಾಡುವುದು ನಿಮ್ಮಲ್ಲಿ ಕೆಲವರಿಗಾದರೂ ವಿಚಿತ್ರವೆನಿಸಿರಬಹುದು. ಆದರೆ ವಿಪತ್ತಿನಿಂದ ಜನರನ್ನು ಪಾರುಮಾಡುವ ವಿದ್ಯೆಗೂ ನಾಗಪುರಕ್ಕೂ ಹಳೆಯ ನಂಟಿದೆ. ಕೇಂದ್ರೀಯ ತುರ್ತು ಪರಿಹಾರ ತರಬೇತಿ ಸಂಸ್ಥೆಯು 1957ರಲ್ಲಿ ಸ್ಥಾಪನೆಯಾದದ್ದು ಇಲ್ಲಿಯೇ. ಮುಂದೆ ಅದೇ ರಾಷ್ಟ್ರೀಯ ನಾಗರಿಕ ರಕ್ಷಣಾ ಕಾಲೇಜು ಎಂಬ ಹೆಸರನ್ನು ಪಡೆಯಿತು. ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜೂ ಇದೇ ಊರಿನಲ್ಲಿದೆ. ಇದು ಒಂದು ಕಾರಣ. ಇನ್ನೊಂದು ಕಾರಣವು ನಿಮ್ಮೆಲ್ಲರ ಮನೆಗೆ ಹತ್ತಿರವಾದದ್ದು. ಜಮ್ಮು ಮತ್ತು ಕಾಶ್ಮೀರ, ಲಡಾಖ್ ಹಾಗೂ ಈಶಾನ್ಯ ರಾಜ್ಯಗಳಿಗೆ ಹೋಗಿಬರಲು ಸರ್ಕಾರಿ ನೌಕರರಿಗೆ ರಜಾ ಪ್ರವಾಸ ರಿಯಾಯಿತಿಯ ನಿಯಮಗಳಲ್ಲಿ ವಿಶೇಷ ಸಡಿಲಿಕೆಯನ್ನು ನೀಡಿ, ಅದನ್ನು ಕಾಲಕಾಲಕ್ಕೆ ವಿಸ್ತರಿಸುತ್ತ ಬರಲಾಗಿದೆ. ಆ ಸೌಲಭ್ಯದಿಂದಾಗಿ ತಲೆತಲಾಂತರದಿಂದ ಹಿಮವನ್ನು ಕಂಡರಿಯದ ನಮ್ಮವರು ಮಕ್ಕಳುಮರಿಗಳೊಡನೆ ಗುಲ್‌ಮರ್ಗ್‌ಗೂ ನಾಥು ಲಾ ಕಣಿವೆಗೂ ಹೋಗಿ ಬರುತ್ತಿದ್ದಾರೆ. ಬೆಂಗಳೂರಿನಿಂದ ಹೊರಟ ರಾಜಧಾನಿ ರೈಲು ಇಲ್ಲಿ ನಿಂತಾಗ ಬೆನ್ನಿಗೆ ದೊಡ್ಡ ಚೀಲ ಕಟ್ಟಿಕೊಂಡ ತರುಣ ತರುಣಿಯರು ಪ್ಲಾಟ್‌ಫಾರಂಗೆ ಇಳಿದು ಕಿತ್ತಳೆಹಣ್ಣು ಕೊಳ್ಳುವುದನ್ನು ನೀವು ನೋಡಿರಬಹುದು. ಕೇದಾರಕಂಠ, ಬ್ರಹ್ಮತಾಲ್ ಮೊದಲಾದ ಚಳಿಗಾಲದ ಚಾರಣಗಳಿಗೆ ಹೊರಟವರು ಅವರಲ್ಲಿ ಅನೇಕರು.

ಇವರಿಗೆ ಒದಗಬಹುದಾದ ಒಂದು ಅಪಾಯವನ್ನು ಕುರಿತು ಈ ಹೊತ್ತು ಹೇಳಬೇಕಾಗಿದೆ. ಆ ಅಪಾಯಕ್ಕೆ ಕನ್ನಡದಲ್ಲಿ ಖಚಿತವಾದ ಹೆಸರು ಇನ್ನೂ ನೆಲೆಗೊಂಡಿಲ್ಲ. ನನ್ನ ವೃತ್ತಿ ಭಾಷಾಂತರ. ಸರ್ಕಾರದ ಪ್ರಕಟಣೆಗಳನ್ನು ಕನ್ನಡಕ್ಕೆ ತರುವವರಿಗೆ ಪದಗಳ ಕೊರತೆಯು ಹೊಸದೇನಲ್ಲ. ಆದರೆ ಪದವೊಂದರ ಗೊಂದಲವು ಪ್ರಾಣಕ್ಕೆ ಸಂಬಂಧಿಸಿರುವ ಸಂದರ್ಭಗಳು ವಿರಳ. ಇದು ಅಂಥ ಸಂದರ್ಭ.

ನಮ್ಮ ಪತ್ರಿಕೆಗಳಲ್ಲಿ ‘ಹಿಮಪಾತ’ ಎಂಬ ಮಾತನ್ನು ಎರಡು ಬೇರೆ ಬೇರೆ ಘಟನೆಗಳಿಗೆ ಬಳಸಲಾಗುತ್ತಿದೆ. ಶಿಮ್ಲಾದಲ್ಲಿ ಹಗುರವಾಗಿ ಹಿಮ ಸುರಿದು ಪ್ರವಾಸಿಗರು ಸಂತೋಷಪಟ್ಟರೆ ಅದೂ ಹಿಮಪಾತ. ಬೆಟ್ಟದ ಓರೆಯ ಮೇಲೆ ವಾರಗಟ್ಟಲೆ ಮಲಗಿದ್ದ ಹಿಮವು ಒಮ್ಮೆಲೇ ಕಳಚಿ ಕೆಳಗಿದ್ದವರನ್ನು ಹೂತುಹಾಕಿದರೆ ಅದೂ ಹಿಮಪಾತ. ಮೊದಲನೆಯದು ಆಕಾಶದಿಂದ ಬರುವುದು, ಮಳೆಯಂತೆ. ಎರಡನೆಯದು ನೆಲದಿಂದ ಬರುವುದು, ನಮ್ಮ ಗುಡ್ಡ ಕುಸಿತದಂತೆ. ಹಿಂದಿಯಲ್ಲಿಯೂ ಮರಾಠಿಯಲ್ಲಿಯೂ ಮೊದಲನೆಯದಕ್ಕೆ ಹಿಮಪಾತವೆಂದೂ ಎರಡನೆಯದಕ್ಕೆ ಹಿಮಸ್ಖಲನವೆಂದೂ ಪ್ರತ್ಯೇಕ ಪದಗಳಿವೆ. ಹಿಮಾಲಯದ ರಸ್ತೆಗಳ ಬದಿಯಲ್ಲಿ ‘ಹಿಮಸ್ಖಲನ ಕ್ಷೇತ್ರ’ ಎಂದು ಬರೆದ ಫಲಕಗಳನ್ನು ನಿಲ್ಲಿಸಿರುತ್ತಾರೆ. ಅದನ್ನು ಓದಿದ ಕನ್ನಡಿಗರಿಗೆ ಅರ್ಥವಾಗಬೇಕು. ಸ್ಖಲನ ಎಂಬ ಶಬ್ದವು ಕನ್ನಡದಲ್ಲಿ ಬೇರೆ ಅರ್ಥಗಳಿಗೆ ಸವೆದುಹೋಗಿರುವುದರಿಂದ ಅದನ್ನು ಹಾಗೆಯೇ ತಂದುಕೊಳ್ಳುವುದು ಕಷ್ಟ. ಆದುದರಿಂದ ‘ಹಿಮಕುಸಿತ’ ಎಂಬ ಪದವೇ ಉಚಿತವೆಂದು ನನ್ನ ಅಭಿಪ್ರಾಯ. ಭೂಕುಸಿತ ಎಂದರೆ ಏನೆಂದು ನಮ್ಮ ಜನರಿಗೆ ವಿವರಿಸಬೇಕಾಗಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿಯೂ 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿಯೂ ಅದನ್ನು ಕಂಡಿದ್ದೇವೆ.

ಇದು ಬರಿಯ ಪದಗಳ ಜಿಜ್ಞಾಸೆಯಲ್ಲ. ಹಿಮಪಾತವೆಂದು ತಿಳಿದವನು ಆಕಾಶವನ್ನು ನೋಡುತ್ತಾನೆ. ಮೋಡ ಸರಿದು ಬಿಸಿಲು ಬಿದ್ದೊಡನೆ ಅಪಾಯ ಕಳೆಯಿತೆಂದು ಭಾವಿಸಿ ಹೊರಡುತ್ತಾನೆ. ಹಿಮಕುಸಿತವೆಂದು ತಿಳಿದವನು ಮಾತ್ರ ಬೆಟ್ಟದ ಓರೆಯನ್ನು ನೋಡುತ್ತಾನೆ. ಭಾರಿ ಹಿಮ ಸುರಿದು ನಿಂತ ಬಳಿಕ ಬರುವ ಮೊದಲ ಒಂದೆರಡು ದಿನಗಳೇ, ಅಂದರೆ ಆಕಾಶವು ನಿರ್ಮಲವಾಗಿ ನೀಲಿಯಾಗಿ ಕಾಣುವ ದಿನಗಳೇ, ಅತ್ಯಂತ ಅಪಾಯಕಾರಿ ದಿನಗಳಲ್ಲಿ ಸೇರಿವೆ ಎಂಬುದನ್ನು ಪರ್ವತ ಪ್ರದೇಶಗಳಲ್ಲಿ ಕೆಲಸ ಮಾಡುವವರೆಲ್ಲ ಬಲ್ಲರು.

ಮೂರನೆಯದಾಗಿ ಹಿಮಬಿರುಗಾಳಿ ಎಂಬುದೊಂದಿದೆ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರ ತಾಲ್ ಚಾರಣಕ್ಕೆ ಕರ್ನಾಟಕದಿಂದ ಹೋಗಿದ್ದ ತಂಡದ ಒಂಬತ್ತು ಮಂದಿ ಮೃತಪಟ್ಟದ್ದು ಬಿರುಗಾಳಿ ಮತ್ತು ಚಳಿಯಿಂದ, ಕುಸಿತದಿಂದಲ್ಲ. ಅದರ ಮುನ್ನೆಚ್ಚರಿಕೆಗಳು ಬೇರೆ. ಅದನ್ನು ಈ ಹೊತ್ತು ಪ್ರಸ್ತಾಪಿಸುವುದಿಲ್ಲ.

ಹಿಮಕುಸಿತವು ಹೇಗೆ ಉಂಟಾಗುತ್ತದೆ ಎಂಬುದನ್ನು ಈಗ ಸ್ವಲ್ಪ ವಿವರವಾಗಿ ನೋಡೋಣ. ಚಳಿಗಾಲದಲ್ಲಿ ಪಶ್ಚಿಮ ದಿಕ್ಕಿನಿಂದ ಬರುವ ವಾಯುಮಂಡಲದ ಕ್ಷೋಭೆಗಳಿಂದಾಗಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಪಶ್ಚಿಮ ಹಿಮಾಲಯದಲ್ಲಿ ಬಿಟ್ಟು ಬಿಟ್ಟು ಹಿಮ ಸುರಿಯುತ್ತದೆ. ಪ್ರತಿಯೊಂದು ಬಾರಿ ಸುರಿದದ್ದೂ ಹಿಂದಿನದರ ಮೇಲೆ ಒಂದು ಹೊಸ ಪದರವಾಗಿ ಕೂಡುತ್ತದೆ. ಹೀಗೆ ನೆಲದ ಮೇಲೆ ಬೆಳೆಯುವ ಹಿಮದ ಹೊದಿಕೆಯು ಏಕರೂಪದ ವಸ್ತುವಲ್ಲ. ಒಂದು ಪದರ ಗಟ್ಟಿ, ಇನ್ನೊಂದು ಸಡಿಲ. ಒಂದು ಗಾಳಿಯ ಹೊಡೆತದಿಂದ ಹಲಗೆಯಂತಾದದ್ದು, ಇನ್ನೊಂದು ಬಿಸಿಲಿಗೆ ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟಿ ಗಾಜಿನಂತಾದದ್ದು. ಮೇಲಿನಿಂದ ನೋಡಿದವರಿಗೆ ಎಲ್ಲವೂ ಒಂದೇ ಬಿಳುಪು. ದುರ್ಬಲ ಪದರವೊಂದು ಒಳಗೆ ಅಡಗಿದ್ದು, ಅದರ ಮೇಲೆ ಗಟ್ಟಿಯಾದ ಪದರವೊಂದು ಹಾಸಿದ್ದರೆ ಕುಸಿತಕ್ಕೆ ಬೇಕಾದ ಸಿದ್ಧತೆ ಮುಗಿದಂತೆಯೇ. ಮೇಲಿನ ಹಾಸು ಒಂದೇ ತುಂಡಾಗಿ ಒಡೆದು ಜಾರುತ್ತದೆ. ಇದನ್ನು ಚಪ್ಪಡಿ ಕುಸಿತವೆನ್ನಬಹುದು. ಜೀವಹಾನಿಗೆ ಕಾರಣವಾಗುವ ಕುಸಿತಗಳಲ್ಲಿ ಹೆಚ್ಚಿನವು ಈ ಬಗೆಯವು.

ಆ ದುರ್ಬಲ ಪದರವು ಹುಟ್ಟುವ ಬಗೆ ಸ್ವಾರಸ್ಯಕರವಾಗಿದೆ. ಹೊದಿಕೆಯ ಅಡಿಯಲ್ಲಿ ನೆಲಕ್ಕೆ ತಾಗಿದ ಹಿಮವು ಸಾಮಾನ್ಯವಾಗಿ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಮೇಲ್ಮೈ ಮಾತ್ರ ರಾತ್ರಿಯ ಚಳಿಗೆ ಸೊನ್ನೆಗಿಂತ ಹದಿನೈದು ಇಪ್ಪತ್ತು ಡಿಗ್ರಿ ಕೆಳಗೆ ಹೋಗಬಹುದು. ಬೆಚ್ಚಗಿನ ತಳದಿಂದ ನೀರಾವಿಯು ತಣ್ಣನೆಯ ಮೇಲ್ಭಾಗದತ್ತ ಏರುತ್ತದೆ. ಹಾಗೆ ಏರುವಾಗ ತಳದ ಹಿಮಕಣಗಳು ತಮ್ಮ ಮೂಲರೂಪವನ್ನು ಕಳೆದುಕೊಂಡು ಮೂಲೆಮೊನೆಗಳುಳ್ಳ ದಪ್ಪ ಹರಳುಗಳಾಗುತ್ತವೆ. ಕೈಯಲ್ಲಿ ಹಿಡಿದರೆ ಸಕ್ಕರೆಯಂತೆ ಬೆರಳ ಸಂದಿಯಿಂದ ಸುರಿದುಹೋಗುತ್ತವೆ. ಉಂಡೆ ಕಟ್ಟುವುದಿಲ್ಲ. ಒಂದನ್ನೊಂದು ಹಿಡಿದುಕೊಳ್ಳದ ಈ ಹರಳುಗಳ ಮೇಲೆ ಮೇಲಿನ ಅಷ್ಟೂ ಭಾರ ನಿಂತಿರುತ್ತದೆ. ಸಕ್ಕರೆ ಹರಡಿದ ಮಣೆಯ ಮೇಲೆ ಕಲ್ಲಿನ ಚಪ್ಪಡಿಯನ್ನಿಟ್ಟು ಮಣೆಯನ್ನು ಓರೆ ಮಾಡಿದರೆ ಆಗುವುದೇ ಅಲ್ಲಿಯೂ ಆಗುತ್ತದೆ.

ಇಲ್ಲಿ ಸಾಮಾನ್ಯ ತಿಳಿವಳಿಕೆಗೆ ವಿರುದ್ಧವಾದ ಒಂದು ಸಂಗತಿಯಿದೆ. ಹಿಮ ಕಡಿಮೆ ಬಿದ್ದ ವರ್ಷ ಅಪಾಯವೂ ಕಡಿಮೆಯೆಂದು ಯಾರಿಗಾದರೂ ಅನಿಸುತ್ತದೆ. ಲೆಕ್ಕ ಮಾಡಿ ನೋಡೋಣ. ತಳಕ್ಕೂ ಮೇಲ್ಮೈಗೂ ಹದಿನೈದು ಡಿಗ್ರಿಗಳ ಅಂತರವಿದೆಯೆಂದು ಭಾವಿಸಿ. ಹೊದಿಕೆಯು ಒಂದೂವರೆ ಮೀಟರ್ ದಪ್ಪವಾಗಿದ್ದರೆ ಪ್ರತಿ 10 ಸೆಂಟಿಮೀಟರಿಗೆ ಒಂದು ಡಿಗ್ರಿಯಷ್ಟು ವ್ಯತ್ಯಾಸವಾಯಿತು. ಹೊದಿಕೆಯು ಅರ್ಧ ಮೀಟರ್ ಮಾತ್ರ ಇದ್ದರೆ ಅದೇ ವ್ಯತ್ಯಾಸವು ಮೂರು ಡಿಗ್ರಿಯಾಗುತ್ತದೆ. 10 ಸೆಂಟಿಮೀಟರಿಗೆ ಒಂದು ಡಿಗ್ರಿಯನ್ನು ಮೀರಿದರೆ ಸಕ್ಕರೆಯಂತಹ ಹರಳುಗಳು ಬೆಳೆಯತೊಡಗುತ್ತವೆ ಎಂಬುದು ಹಿಮವಿಜ್ಞಾನಿಗಳ ಸ್ಥೂಲ ಲೆಕ್ಕ. ಆದ್ದರಿಂದ ಡಿಸೆಂಬರ್‌ನಲ್ಲಿ ಸ್ವಲ್ಪ ಹಿಮ ಬಿದ್ದು, ಬಳಿಕ ತಿಂಗಳುಗಟ್ಟಲೆ ಒಣ ಚಳಿ ಹಿಡಿದು, ಅನಂತರ ಒಮ್ಮೆಲೇ ಭಾರಿ ಹಿಮ ಸುರಿದ ವರ್ಷವು ಕೆಟ್ಟ ವರ್ಷ. ತಳಪಾಯವೇ ಟೊಳ್ಳಾಗಿರುವಾಗ ಮೇಲೆ ಮಹಡಿ ಕಟ್ಟಿದಂತೆ ಅದು. ವ್ಯತ್ಯಾಸವು ಕಡಿಮೆಯಿದ್ದಲ್ಲಿ ಕಣಗಳು ದುಂಡಗಾಗಿ, ತೇವ ಹಿಡಿದ ಉಪ್ಪಿನ ಹಾಗೆ ಪರಸ್ಪರ ಅಂಟಿಕೊಂಡು ಹೊದಿಕೆಯು ದಿನದಿಂದ ದಿನಕ್ಕೆ ಬಲಗೊಳ್ಳುತ್ತದೆ.

ಹಿಮಾಲಯವೆಲ್ಲ ಒಂದೇ ಬಗೆಯಲ್ಲ ಎಂಬುದೂ ಇದರಿಂದ ತಿಳಿದುಬರುತ್ತದೆ. ಪೀರ್ ಪಂಜಾಲ್ ಶ್ರೇಣಿಯಲ್ಲಿ ಎತ್ತರ ಕಡಿಮೆ, ಚಳಿಯೂ ಅಷ್ಟು ತೀವ್ರವಲ್ಲ, ಹಿಮವು ಮಾತ್ರ ರಾಶಿರಾಶಿಯಾಗಿ ಬೀಳುತ್ತದೆ. ಅಲ್ಲಿನ ಕುಸಿತಗಳಲ್ಲಿ ಬಹುಪಾಲು ಹಿಮ ಸುರಿಯುತ್ತಿರುವಾಗ ಅಥವಾ ಸುರಿದ ಒಂದೆರಡು ದಿನಗಳಲ್ಲಿಯೇ ಸಂಭವಿಸುತ್ತವೆ. ಬೇಸಿಗೆ ಸಮೀಪಿಸಿದಂತೆ ಮಧ್ಯಾಹ್ನದ ಬಿಸಿಲಿಗೆ ನೀರೂಡಿದ ಒದ್ದೆ ಹಿಮವು ಜಾರುತ್ತದೆ. ಲಡಾಖ್ ಮತ್ತು ಕಾರಕೋರಂ ಕಡೆಗೆ ಹೋದಂತೆ ಹಿಮ ತೆಳು, ಚಳಿ ಘೋರ. ದುರ್ಬಲ ಪದರಗಳು ಅಲ್ಲಿ ವಾರಗಳವರೆಗೆ, ಕೆಲವೊಮ್ಮೆ ಇಡೀ ಚಳಿಗಾಲ, ಹಾಗೆಯೇ ಉಳಿದಿರುತ್ತವೆ. ಗುಲ್‌ಮರ್ಗ್‌ನಲ್ಲಿ ಪಡೆದ ಅನುಭವವನ್ನು ಲೇಹ್‌ಗೆ ಒಯ್ದು ಅನ್ವಯಿಸಲಾಗದು.

ಇನ್ನು ಇಳಿಜಾರಿನ ಮಾತು. ಕಣದಲ್ಲಿ ಜೋಳವನ್ನು ರಾಶಿ ಹಾಕಿ ನೋಡಿದವರಿಗೆ ಗೊತ್ತು. ಎಷ್ಟೇ ಸುರಿದರೂ ರಾಶಿಯ ಓರೆಯು ಒಂದು ಮಿತಿಗಿಂತ ಕಡಿದಾಗುವುದಿಲ್ಲ, ಕಾಳು ಜಾರಿ ಕೆಳಗೆ ಬರುತ್ತದೆ. ಹಿಮಕ್ಕೆ ಅಂಟುಗುಣವಿರುವುದರಿಂದ ಅದು ಜೋಳಕ್ಕಿಂತ ಕಡಿದಾದ ಓರೆಯಲ್ಲಿಯೂ ನಿಲ್ಲಬಲ್ಲದು. ಆದರೆ ನಿಂತದ್ದು ಎಂದೆಂದಿಗೂ ನಿಂತೇ ಇರುವುದಿಲ್ಲ. 50 ಡಿಗ್ರಿಯನ್ನು ಮೀರಿದ ಕಡಿದಾದ ಓರೆಗಳಲ್ಲಿ ಹಿಮವು ಆಗಾಗ ಸ್ವಲ್ಪ ಸ್ವಲ್ಪವೇ ಉದುರಿಹೋಗುವುದರಿಂದ ದೊಡ್ಡ ಸಂಗ್ರಹವಾಗುವುದಿಲ್ಲ. 25 ಡಿಗ್ರಿಗಿಂತ ಕಡಿಮೆಯಿರುವಲ್ಲಿ ಅದು ಜಾರುವುದು ಅಪರೂಪ. 30ರಿಂದ 45 ಡಿಗ್ರಿಗಳ ನಡುವಣ ಓರೆಗಳೇ ಚಪ್ಪಡಿ ಕುಸಿತದ ತವರು. ನಿಮ್ಮ ಮನೆಯ ಮಹಡಿ ಮೆಟ್ಟಿಲುಗಳ ಇಳಿಜಾರು ಸಾಮಾನ್ಯವಾಗಿ 30ರಿಂದ 35 ಡಿಗ್ರಿಗಳಷ್ಟಿರುತ್ತದೆ. ಹಿಮ ಮುಚ್ಚಿದ ಓರೆಯೊಂದು ಮೆಟ್ಟಿಲಿನಷ್ಟೇ ಅಥವಾ ಅದಕ್ಕಿಂತ ಕಡಿದಾಗಿ ಕಂಡರೆ ಸಂಶಯಪಡಬೇಕು. ದುರದೃಷ್ಟವಶಾತ್ ಹಿಮದ ಮೇಲೆ ಜಾರಿ ಆಡುವುದಕ್ಕೆ ಮನಸ್ಸಾಗುವುದೂ ಇಂಥ ಓರೆಗಳಲ್ಲಿಯೇ.

ಸಣ್ಣ ಕುಸಿತವೆಂದರೆ ಎಷ್ಟು ಸಣ್ಣದು? ಉದ್ದ ಅಗಲ 50 ಮೀಟರ್, ದಪ್ಪ ಅರ್ಧ ಮೀಟರ್ ಇರುವ ಒಂದು ಚಪ್ಪಡಿಯನ್ನು ಊಹಿಸಿಕೊಳ್ಳಿ. ಘನಮೀಟರಿಗೆ 200 ಕಿಲೋಗ್ರಾಂ ತೂಕವೆಂದು ಹಿಡಿದರೂ ಅದರ ಭಾರ 250 ಟನ್. ಹತ್ತು ಟನ್ ಹೊತ್ತ 25 ಲಾರಿಗಳ ಸರಕು ಒಟ್ಟಿಗೆ ಬೆಟ್ಟದಿಂದ ಇಳಿದಂತಾಯಿತು. ಪರ್ವತದ ಮಾನದಲ್ಲಿ ಇದು ದೊಡ್ಡದೇನಲ್ಲ. ಒಣ ಹಿಮದ ಚಪ್ಪಡಿಯು ಕೆಲವೇ ಕ್ಷಣಗಳಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗವನ್ನು ಮುಟ್ಟಬಲ್ಲದು. ಓಡಿ ಪಾರಾಗುವ ಮಾತು ಬಹುಮಟ್ಟಿಗೆ ಕಲ್ಪನೆ.

ಮನುಷ್ಯರು ಸಿಲುಕಿದ ಪ್ರಕರಣಗಳನ್ನು ಯೂರೋಪ್ ಮತ್ತು ಅಮೆರಿಕಗಳಲ್ಲಿ ಪರಿಶೀಲಿಸಿದಾಗ ಕಂಡುಬಂದ ಅಂಶವೆಂದರೆ, ವಿಹಾರಕ್ಕೆ ಹೋದವರು ಸಿಲುಕಿದ ಹತ್ತು ಪ್ರಕರಣಗಳಲ್ಲಿ ಸುಮಾರು ಒಂಬತ್ತರಲ್ಲಿ ಕುಸಿತವನ್ನು ಆರಂಭಿಸಿದವರು ಅವರೇ ಅಥವಾ ಅವರ ಜೊತೆಯವರೇ. ಚಪ್ಪಡಿಯ ಮೇಲೆ ಒಬ್ಬನ ಕಾಲಿಟ್ಟ ಭಾರವೇ ಅಡಿಯ ದುರ್ಬಲ ಪದರವನ್ನು ಮುರಿಯಲು ಸಾಕಾಗುತ್ತದೆ. ಒಮ್ಮೆ ಒಂದು ಕಡೆ ಮುರಿದರೆ ಮುರಿತವು ಇಡೀ ಓರೆಗೆ ಹಬ್ಬುತ್ತದೆ. ಕೂಗಿದರೆ ಹಿಮ ಕುಸಿಯುತ್ತದೆಂಬ ನಂಬಿಕೆಯು ಚಲನಚಿತ್ರಗಳಿಂದ ಬಂದದ್ದು. ಮಾನವನ ಕಂಠಕ್ಕೆ ಅಷ್ಟು ಶಕ್ತಿಯಿಲ್ಲ, ಪಾದಕ್ಕಿದೆ.

ಆದರೆ ರಸ್ತೆಯಲ್ಲಿ ನಿಂತವರಿಗೆ ಈ ಮಾತು ಅನ್ವಯಿಸುವುದಿಲ್ಲ. ಅವರ ಮೇಲೆ ಬೀಳುವುದು ತಾವು ಮುಟ್ಟದ, ಅನೇಕ ವೇಳೆ ತಾವು ನೋಡಿಯೂ ಇರದ ಓರೆಯ ಹಿಮ. 2023ರ ಏಪ್ರಿಲ್ 4ರಂದು ಸಿಕ್ಕಿಂನಲ್ಲಿ ಗ್ಯಾಂಗ್ಟಕ್‌ನಿಂದ ನಾಥು ಲಾಕ್ಕೆ ಹೋಗುವ ರಸ್ತೆಯ ಬಳಿ ಸಂಭವಿಸಿದ ಹಿಮಕುಸಿತದಲ್ಲಿ ಏಳು ಮಂದಿ ಪ್ರವಾಸಿಗರು ಅಸುನೀಗಿದರು. ಅಂದು ಪ್ರವಾಸಿಗರಿಗೆ 13ನೆಯ ಮೈಲಿಯವರೆಗೆ ಮಾತ್ರ ಅನುಮತಿಪತ್ರ ನೀಡಲಾಗಿತ್ತೆಂದೂ ಅವರು ಅದನ್ನು ದಾಟಿ ಮುಂದೆ ಹೋಗಿದ್ದರೆಂದೂ ಅಧಿಕಾರಿಗಳು ತಿಳಿಸಿದರು. ಅವರು ಶಿಖರವೇರಲು ಹೋದವರಲ್ಲ. ನಮ್ಮ ನಿಮ್ಮಂತೆ ವಾಹನದಿಂದಿಳಿದು ಹಿಮವನ್ನು ಮುಟ್ಟಿ ಛಾಯಾಚಿತ್ರ ತೆಗೆಸಿಕೊಳ್ಳಲು ಹೋದವರು. ರಜಾ ಪ್ರವಾಸಕ್ಕೆ ಹೋಗುವ ನಿಮಗೆ ಇಡೀ ಭಾಷಣದಲ್ಲಿ ಒಂದೇ ಒಂದು ಮಾತು ನೆನಪಿರುವುದಾದರೆ ಅದು ಇದಾಗಿರಲಿ: ತಪಾಸಣೆಯ ಠಾಣೆಯಲ್ಲಿ ಇಲ್ಲಿಂದ ಮುಂದೆ ಹೋಗಬೇಡಿ ಎಂದರೆ, ಚಾಲಕನಿಗೆ ಇನ್ನೂರು ರೂಪಾಯಿ ಹೆಚ್ಚು ಕೊಟ್ಟು ಮುಂದೆ ಹೋಗುವ ವ್ಯವಹಾರಕ್ಕೆ ಇಳಿಯಬೇಡಿ. ಗುಲ್‌ಮರ್ಗ್‌ನ ಗೊಂಡೋಲದ ಎರಡನೆಯ ಹಂತವು ನಿಮ್ಮನ್ನು ಸುಮಾರು 13,000 ಅಡಿ ಎತ್ತರಕ್ಕೆ, ಅಫರ್ವಟ್ ಬೆಟ್ಟದ ಮೇಲಕ್ಕೆ ಒಯ್ಯುತ್ತದೆ. ಅಲ್ಲಿ ಗುರುತು ಮಾಡಿದ ಜಾಗದ ಆಚೆಗೆ ಕಾಲಿಡುವುದು ನುರಿತವರಿಗೂ ಅಪಾಯ. 2023ರ ಫೆಬ್ರವರಿ 1ರಂದು ಅಫರ್ವಟ್‌ನಲ್ಲಿ ಪೋಲೆಂಡಿನ ಇಬ್ಬರು ಸ್ಕೀ ಪಟುಗಳೂ, 2024ರ ಫೆಬ್ರವರಿ 22ರಂದು ರಷ್ಯಾದ ಒಬ್ಬರೂ ಹಿಮಕುಸಿತಕ್ಕೆ ಬಲಿಯಾದರು.

ಕಾಲವನ್ನು ನಂಬುವಂತೆಯೂ ಇಲ್ಲ. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ತರಬೇತಿ ತಂಡವು ದ್ರೌಪದಿ ಕಾ ದಂಡಾ ಎಂಬ ಶಿಖರದಲ್ಲಿ ಹಿಮಕುಸಿತಕ್ಕೆ ಸಿಲುಕಿದ್ದು 2022ರ ಅಕ್ಟೋಬರ್ 4ರಂದು. ಚಳಿಗಾಲ ಇನ್ನೂ ಆರಂಭವಾಗಿರಲಿಲ್ಲ. 27 ಮಂದಿಯ ಶವಗಳು ದೊರೆತವು, ಇಬ್ಬರು ಸಿಗಲೇ ಇಲ್ಲ. ಮೃತರಲ್ಲಿ ಬೆಂಗಳೂರಿನವರೂ ಇದ್ದರು. ತರಬೇತಿ ಹೊಂದಿದವರು, ಬೋಧಕರು ಜೊತೆಗಿದ್ದವರು, ಹಗ್ಗ ಕಟ್ಟಿಕೊಂಡು ನಡೆಯುತ್ತಿದ್ದವರು ಅವರು.

ಕನ್ನಡ ನಾಡಿನ ಮನೆಮನೆಯಲ್ಲಿ ಹಿಮಕುಸಿತದ ಸುದ್ದಿಯು ಚರ್ಚೆಗೆ ಬಂದದ್ದು ಬಹುಶಃ 2016ರ ಫೆಬ್ರವರಿಯಲ್ಲಿ. ಆ ತಿಂಗಳ 3ರಂದು ಸಿಯಾಚಿನ್ ಹಿಮನದಿಯ ಸೋನಂ ಠಾಣೆಯ ಮೇಲೆ, ಸುಮಾರು 19,600 ಅಡಿ ಎತ್ತರದಲ್ಲಿ, ಹಿಮದ ಬೃಹತ್ ಗೋಡೆಯೊಂದು ಕುಸಿದು ಮದ್ರಾಸ್ ರೆಜಿಮೆಂಟಿನ 19ನೆಯ ಬೆಟಾಲಿಯನ್‌ನ ಹತ್ತು ಮಂದಿ ಯೋಧರು ಹೂತುಹೋದರು. ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ, ಹಾಸನ ಜಿಲ್ಲೆ ತೇಜೂರಿನ ಸುಬೇದಾರ್ ನಾಗೇಶ, ಹೆಗ್ಗಡದೇವನಕೋಟೆಯ ಸಿಪಾಯಿ ಮಹೇಶ ಇವರು ಮೂವರು ಕರ್ನಾಟಕದವರು. ಬದುಕುಳಿದಿರುವ ಸಂಭವವಿಲ್ಲವೆಂದು ಭಾವಿಸಲಾಗಿತ್ತು. ಕಲ್ಲು ಕೊರೆಯುವ ಯಂತ್ರಗಳಿಂದ ಗಟ್ಟಿ ಹಿಮವನ್ನು ಕತ್ತರಿಸುತ್ತ, ಡಾಟ್ ಮತ್ತು ಮಿಶಾ ಎಂಬ ಶೋಧಕ ನಾಯಿಗಳ ನೆರವಿನಿಂದ ಸೈನಿಕರು ಹಗಲಿರುಳು ಅಗೆದರು. ಆರನೆಯ ದಿನ, ಫೆಬ್ರವರಿ 8ರಂದು, ಇಪ್ಪತ್ತೈದು ಅಡಿಗಳಿಗೂ ಹೆಚ್ಚು ಆಳದಲ್ಲಿ ಹನುಮಂತಪ್ಪನವರು ಜೀವಂತವಾಗಿ ದೊರೆತರು. ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಚಿಕಿತ್ಸೆ ಫಲಿಸದೆ 11ರಂದು ನಿಧನರಾದರು. ಉಳಿದ ಒಂಬತ್ತು ಮಂದಿ ಆ ಮೊದಲೇ ಮೃತಪಟ್ಟಿದ್ದರು.

ಅಲ್ಲಿ ಕುಸಿದದ್ದು ನಾನು ವಿವರಿಸಿದ ಚಪ್ಪಡಿಯಂಥದ್ದಲ್ಲ, ಹಿಮನದಿಯ ಗಟ್ಟಿ ಗೋಡೆ. ಅದನ್ನು ಯೋಧರ ಪಾದಗಳು ಆರಂಭಿಸಿದವೆಂದು ಯಾರೂ ಹೇಳಲಾರರು. ಆದರೂ ಆ ಘಟನೆಯನ್ನು ಇಲ್ಲಿ ಉಲ್ಲೇಖಿಸಿದ್ದಕ್ಕೆ ಕಾರಣವಿದೆ. ಆರು ದಿನ ಬದುಕಿದ್ದ ಸುದ್ದಿಯನ್ನು ಓದಿದ ನಮ್ಮ ಜನರ ಮನಸ್ಸಿನಲ್ಲಿ, ಹಿಮದಡಿ ಸಿಲುಕಿದವರು ದಿನಗಟ್ಟಲೆ ಜೀವಿಸಿರಬಲ್ಲರು, ಸಹಾಯ ಬರುವವರೆಗೆ ಕಾಯಬಹುದು ಎಂಬ ಭಾವನೆ ಉಳಿದುಬಿಟ್ಟಿದೆ. ಅದು ಅತ್ಯಂತ ಅಸಾಧಾರಣ ಪ್ರಸಂಗ. ಡೇರೆಯ ಒಳಗೆ ಗಾಳಿಗೆ ಅವಕಾಶ ಉಳಿದದ್ದು ಅವರು ಅಷ್ಟು ಕಾಲ ಬದುಕಿರಲು ಕಾರಣವಾಯಿತೆಂದು ಹೇಳಲಾಗಿದೆ. 2025ರ ಫೆಬ್ರವರಿ 28ರಂದು ಬದರಿನಾಥದ ಆಚೆಯ ಮಾಣಾ ಗ್ರಾಮದ ಬಳಿ ಗಡಿ ರಸ್ತೆ ಸಂಸ್ಥೆಯ ಕಾಮಗಾರಿಯಲ್ಲಿದ್ದ 54 ಕಾರ್ಮಿಕರು ಹಿಮಕುಸಿತಕ್ಕೆ ಸಿಕ್ಕಾಗಲೂ 46 ಮಂದಿ ಬದುಕಿ ಬಂದರು, 8 ಮಂದಿ ತೀರಿಕೊಂಡರು. ಅವರಲ್ಲಿ ಬಹಳ ಮಂದಿ ಮಲಗಿದ್ದುದು ಉಕ್ಕಿನ ಪೆಟ್ಟಿಗೆಯಂಥ ಕೊಠಡಿಗಳಲ್ಲಿ. ಗಾಳಿ ಒಳಗುಳಿದದ್ದರಿಂದ ಜೀವವೂ ಉಳಿಯಿತು.

ಬಯಲಿನಲ್ಲಿ ನಡೆಯುತ್ತಿರುವವನಿಗೆ ಡೇರೆಯೂ ಇಲ್ಲ, ಉಕ್ಕಿನ ಗೋಡೆಯೂ ಇಲ್ಲ. ಉರುಳಿ ಬಂದ ಹಿಮವು ನಿಂತ ಮರುಗಳಿಗೆಯೇ ಗಾರೆಯಂತೆ ಗಟ್ಟಿಯಾಗುತ್ತದೆ. ಬೆರಳನ್ನೂ ಅಲುಗಿಸಲಾಗದು. ಹಿಮದ ಸಂದುಗಳಲ್ಲಿ ಗಾಳಿ ಇರುತ್ತದೆ, ನಿಜ. ಆದರೆ ಬಿಟ್ಟ ಉಸಿರಿನ ತೇವವು ಮುಖದ ಮುಂದಿನ ಹಿಮದಲ್ಲಿಯೇ ಹೆಪ್ಪುಗಟ್ಟಿ ಗಾಳಿಯ ದಾರಿಯನ್ನು ಮುಚ್ಚುತ್ತದೆ. ಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಳ್ಳಬೇಕಾಗುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಸಂಗ್ರಹಿಸಿದ ದೀರ್ಘಕಾಲದ ಅಂಕಿಅಂಶಗಳ ಪ್ರಕಾರ, ಪೂರ್ಣವಾಗಿ ಹೂತುಹೋದವರನ್ನು ಮೊದಲ ಹತ್ತು ನಿಮಿಷಗಳಲ್ಲಿ ತೆಗೆದರೆ ನೂರರಲ್ಲಿ ಸುಮಾರು ತೊಂಬತ್ತು ಮಂದಿ ಬದುಕುತ್ತಾರೆ. ಅರ್ಧ ಗಂಟೆ ಕಳೆದರೆ ಬದುಕುವವರು ಮೂರರಲ್ಲಿ ಒಬ್ಬರು ಮಾತ್ರ. ಹೆಲಿಕಾಪ್ಟರ್ ಆಗಲಿ, ಸೈನ್ಯವಾಗಲಿ, ಇದೇ ಊರಿನಲ್ಲಿ ತರಬೇತಿ ಪಡೆದ ರಕ್ಷಣಾ ಸಿಬ್ಬಂದಿಯಾಗಲಿ ಹತ್ತು ನಿಮಿಷಗಳಲ್ಲಿ ಹಿಮಾಲಯದ ಒಂದು ಓರೆಯನ್ನು ತಲುಪುವುದು ಅಸಾಧ್ಯ. ಆ ಹತ್ತು ನಿಮಿಷಗಳಲ್ಲಿ ಇರುವವರು ಜೊತೆಗೆ ನಡೆಯುತ್ತಿದ್ದವರಷ್ಟೇ.

ಆದ್ದರಿಂದಲೇ ಚಳಿಗಾಲದ ಪರ್ವತಗಳಲ್ಲಿ ನಿಯಂತ್ರಿತ ಜಾಗಗಳನ್ನು ಬಿಟ್ಟು ಹೋಗುವವರು ಪ್ರತಿಯೊಬ್ಬರೂ ಮೂರು ಸಲಕರಣೆಗಳನ್ನು ಒಯ್ಯುವುದು ಅನ್ಯದೇಶಗಳಲ್ಲಿ ರೂಢಿಯಾಗಿದೆ. 457 ಕಿಲೋಹರ್ಟ್ಸ್ ಆವರ್ತನದಲ್ಲಿ ಸಂಕೇತವನ್ನು ಕಳಿಸುವ ಮತ್ತು ಪಡೆಯುವ ಒಂದು ಪುಟ್ಟ ರೇಡಿಯೋ ಯಂತ್ರ, ಹಿಮದೊಳಗೆ ಚುಚ್ಚಿ ನೋಡುವ ಮಡಿಸಬಹುದಾದ ಉದ್ದನೆಯ ಸಲಾಕೆ, ಲೋಹದ ಸಲಿಕೆ. ಯಂತ್ರವು ಸ್ಥೂಲವಾಗಿ ಜಾಗವನ್ನು ತೋರಿಸುತ್ತದೆ, ಸಲಾಕೆಯು ಆಳವನ್ನು ತಿಳಿಸುತ್ತದೆ, ಸಲಿಕೆ ಅಗೆಯುತ್ತದೆ. ಮೂರರಲ್ಲಿ ಒಂದಿಲ್ಲದಿದ್ದರೂ ಉಳಿದೆರಡರ ಪ್ರಯೋಜನ ಕುಗ್ಗುತ್ತದೆ. ಬಳಸಲು ಅಭ್ಯಾಸವೂ ಬೇಕು. ಮಕ್ಕಳನ್ನು ಚಾರಣಕ್ಕೆ ಕಳುಹಿಸುವ ತಂದೆತಾಯಿಗಳು ಸಂಘಟಕರನ್ನು ಊಟ, ಡೇರೆ, ಪ್ರಮಾಣಪತ್ರಗಳ ಬಗ್ಗೆ ಬಹಳ ವಿಚಾರಿಸುತ್ತಾರೆ. ಈ ಮೂರರ ಬಗ್ಗೆ ಕೇಳುವವರು ಕಡಿಮೆ. ಹಾದಿಯಲ್ಲಿ 30 ಡಿಗ್ರಿಗಿಂತ ಕಡಿದಾದ ಓರೆಗಳು ಎಲ್ಲಿವೆ, ಭಾರಿ ಹಿಮ ಬಿದ್ದರೆ ತಂಡವನ್ನು ಎಷ್ಟು ದಿನ ತಡೆಹಿಡಿಯುತ್ತೀರಿ, ತಂಡವು ಮರಳಿ ಬಂದರೆ ಹಣದ ವಿಚಾರವೇನು ಎಂದೂ ಕೇಳಬೇಕು. ಕೊನೆಯ ಪ್ರಶ್ನೆಯನ್ನು ಲಘುವಾಗಿ ಎಣಿಸಬಾರದು. ಹಣ ಕಳೆದುಕೊಳ್ಳುವ ಸಂಕೋಚದಿಂದ ಮುಂದೆ ನಡೆಯುವುದು ಮನುಷ್ಯ ಸ್ವಭಾವ.

ಮುನ್ಸೂಚನೆಯ ವ್ಯವಸ್ಥೆ ನಮ್ಮ ದೇಶದಲ್ಲಿಯೂ ಇದೆ. 1969ರಲ್ಲಿ ಮನಾಲಿಯಲ್ಲಿ ಆರಂಭವಾದ ಹಿಮ ಮತ್ತು ಹಿಮಕುಸಿತ ಅಧ್ಯಯನ ಸಂಸ್ಥೆಯು ದಶಕಗಳ ಕಾಲ ಈ ಕೆಲಸವನ್ನು ನಡೆಸಿತು. 2020ರಲ್ಲಿ ಅದನ್ನು ರಕ್ಷಣಾ ಸಂಶೋಧನೆಯ ಇನ್ನೊಂದು ಪ್ರಯೋಗಾಲಯದೊಡನೆ ವಿಲೀನಗೊಳಿಸಿ ರಕ್ಷಣಾ ಭೂಮಾಹಿತಿ ಸಂಶೋಧನಾ ಸಂಸ್ಥೆಯನ್ನು ರೂಪಿಸಲಾಯಿತು. ಚಳಿಗಾಲದಲ್ಲಿ ಅದು ಹೊರಡಿಸುವ ಎಚ್ಚರಿಕೆಗಳಲ್ಲಿ ಅಪಾಯದ ಮಟ್ಟವನ್ನು ಅಂಕಿಗಳಿಂದ ಸೂಚಿಸಲಾಗುತ್ತದೆ. ಐದು ಅಂಕಿಗಳ ಅಳತೆಯಲ್ಲಿ ಮೂರು ಎಂದರೆ ನಡುವಿನದು, ಅಷ್ಟೇನೂ ಭಯವಿಲ್ಲ ಎಂದು ಪರೀಕ್ಷೆಯ ಅಂಕಗಳಿಗೆ ಒಗ್ಗಿದ ನಾವು ಎಣಿಸುತ್ತೇವೆ. ನಾಲ್ಕು ಐದು ಎಂದ ದಿನ ಜನ ಹೊರಗೆ ಹೊರಡುವುದೇ ಇಲ್ಲ. ಮೂರು ಎಂದ ದಿನ ಹೊರಡುತ್ತಾರೆ, ಮತ್ತು ಅಂಥ ದಿನಗಳಲ್ಲಿಯೇ ಹೆಚ್ಚು ಮಂದಿ ಸಾಯುತ್ತಾರೆ ಎಂಬುದು ಪರದೇಶಗಳ ದಾಖಲೆಗಳಿಂದ ಗೊತ್ತಾಗಿದೆ.

ಬೆಟ್ಟವೂ ತನ್ನದೇ ರೀತಿಯಲ್ಲಿ ಸೂಚನೆಗಳನ್ನು ಕೊಡುತ್ತದೆ. ಪಕ್ಕದ ಓರೆಯಲ್ಲಿ ಹೊಸದಾಗಿ ಕುಸಿದ ಗುರುತು ಕಂಡರೆ ನಿಮ್ಮ ಓರೆಯೂ ಸಿದ್ಧವಾಗಿರಬಹುದು. ಕಾಲಿಟ್ಟಾಗ ಹಿಮವು ‘ಧುಮ್’ ಎಂದು ಒಳಗೇ ಕುಳಿತ ಸದ್ದಾದರೆ, ಅಥವಾ ಪಾದದಿಂದ ಬಿರುಕೊಂದು ಮುಂದಕ್ಕೆ ಓಡಿದರೆ, ಅಡಿಯ ಪದರವು ಮುರಿಯಿತೆಂದೇ ಅರ್ಥ. ಬಂದ ದಾರಿಯಲ್ಲಿಯೇ ಹಿಂದಿರುಗಬೇಕು. ಗಾಳಿಯು ಶಿಖರದ ಒಂದು ಪಕ್ಕದ ಹಿಮವನ್ನು ಕೆರೆದು ಮರೆಯ ಪಕ್ಕದಲ್ಲಿ ಪೇರಿಸುತ್ತದೆ. ಹಿಮ ಬೀಳದ ದಿನವೂ ಅಲ್ಲಿ ಭಾರ ಏರುತ್ತಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಉಷ್ಣಾಂಶವು ಥಟ್ಟನೆ ಏರಿದರೂ ಹುಷಾರಾಗಿರಬೇಕು. ಅನುಮಾನದ ಓರೆಯನ್ನು ದಾಟಲೇಬೇಕಾಗಿ ಬಂದರೆ ಒಬ್ಬರಾದ ಮೇಲೆ ಒಬ್ಬರಂತೆ ದಾಟಿ, ಉಳಿದವರು ಸುರಕ್ಷಿತ ಸ್ಥಳದಲ್ಲಿ ನಿಂತು ದಾಟುವವರ ಮೇಲೆ ಕಣ್ಣಿಟ್ಟಿರಬೇಕು. ಕುಸಿತಕ್ಕೆ ಸಿಕ್ಕವರು ಪಕ್ಕಕ್ಕೆ ಸರಿಯಲು, ಮೇಲ್ಮೈಯಲ್ಲಿಯೇ ಉಳಿಯಲು ಶಕ್ತಿಮೀರಿ ಯತ್ನಿಸಬೇಕು. ಹಿಮದ ವೇಗ ತಗ್ಗುತ್ತಿದ್ದಂತೆ ಎರಡೂ ಕೈಗಳನ್ನು ಮುಖದ ಮುಂದೆ ತಂದು ಉಸಿರಿಗೆ ಒಂದಿಷ್ಟು ಜಾಗ ಮಾಡಿಕೊಳ್ಳಬೇಕು.

ನೋಡುತ್ತಿದ್ದವರು ಮೊದಲು ಮಾಡಬೇಕಾದದ್ದು, ಆ ವ್ಯಕ್ತಿ ಕಡೆಯದಾಗಿ ಕಂಡ ಸ್ಥಳವನ್ನು ಗುರುತಿಟ್ಟುಕೊಂಡು ಅದರ ಕೆಳಗಿನ ಭಾಗದಲ್ಲಿ ಹುಡುಕುವುದು. ಇನ್ನೊಂದು ಕುಸಿತ ಬರುವ ಸಂಭವವಿದೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ತಂಡದ ಎಲ್ಲರೂ ಸಹಾಯ ಕರೆಯಲು ಓಡಬಾರದು. ಒಬ್ಬರು 112ಕ್ಕೆ ಕರೆ ಮಾಡಲಿ, ಉಳಿದವರು ಅಗೆಯಲಿ. ಹೊರತೆಗೆದೊಡನೆ ಬಾಯಿ ಮೂಗುಗಳಲ್ಲಿನ ಹಿಮವನ್ನು ತೆಗೆದು, ಉಸಿರಾಟವಿಲ್ಲದಿದ್ದರೆ ಕೃತಕ ಉಸಿರಾಟವನ್ನೂ ಎದೆಯ ಒತ್ತುವಿಕೆಯನ್ನೂ ಆರಂಭಿಸಬೇಕು. ಮೈ ತಣ್ಣಗಿದೆ, ನಾಡಿ ಸಿಗುತ್ತಿಲ್ಲ ಎಂಬಷ್ಟರಿಂದಲೇ ಪ್ರಾಣ ಹೋಗಿದೆಯೆಂದು ನಿರ್ಧರಿಸಬಾರದು. ಚಳಿಯಲ್ಲಿ ದೇಹದ ವ್ಯಾಪಾರಗಳು ಬಹಳ ನಿಧಾನವಾಗಿರುತ್ತವೆ. ಕೈಕಾಲುಗಳನ್ನು ಹಿಮದಿಂದ ತಿಕ್ಕುವುದು, ಬೆಂಕಿಯ ಪಕ್ಕದಲ್ಲಿ ಕೂರಿಸುವುದು, ಮದ್ಯ ಕುಡಿಸುವುದು ಇವೆಲ್ಲ ಹಾನಿಕರ. ಒದ್ದೆ ಬಟ್ಟೆಯನ್ನು ತೆಗೆದು, ಒಣ ಹೊದಿಕೆಯಲ್ಲಿ ಸುತ್ತಿ, ದೇಹವನ್ನು ಜೋರಾಗಿ ಅಲುಗಿಸದೆ ಮಲಗಿಸಿ, ವೈದ್ಯಕೀಯ ನೆರವು ದೊರೆಯುವವರೆಗೆ ಬಳಿಯಲ್ಲಿಯೇ ಇರಬೇಕು.

ಈ ಚಳಿಗಾಲದಲ್ಲಿ ಹೊರಡುವ ಸಿದ್ಧತೆಯಲ್ಲಿರುವವರು ಯಾವ ಊರಿಗೆ, ಯಾವ ತಿಂಗಳಿನಲ್ಲಿ ಎಂಬುದನ್ನು ತಿಳಿಸಿದರೆ ಆ ಪ್ರದೇಶದ ಬಗ್ಗೆ ನನಗೆ ತಿಳಿದಷ್ಟನ್ನು ಸಭೆಯ ಬಳಿಕ ಹೇಳುತ್ತೇನೆ.